ಉಸಿರಿಗೆಂದು ಬಿಟ್ಟ ಜಾಗ

ನಾರಾಯಣಗೂಡ, ಹೈದರಾಬಾದ್
ಶನಿವಾರ, ೯ ಡಿಸೆಂಬರ್ ೨೦೦೦

ಶ್ರೀ ದತ್ತಾತ್ರೇಯ ಅವರಿಗೆ, ಇನ್ನೂ ನಿಮ್ಮ ಹೆಂಡತಿ ಎನಿಸಿಕೊಳ್ಳುತ್ತಿರುವ ಮಂದಾಕಿನಿಯ ನಮಸ್ಕಾರ.

ಇತ್ತ ನಾವು ಕ್ಷೇಮ ಎಂದು ಬರೆಯುವುದು ರೂಢಿ. ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೊರಟಿತ್ತು, ಹಿಡಿದು ನಿಲ್ಲಿಸಿದೆ. ನಿಮ್ಮ ಕ್ಷೇಮವನ್ನಂತೂ ಮೊನ್ನೆ ಗುರುವಾರ ಬ್ಯಾಂಡ್ ಸ್ಪರ್ಧೆಯಲ್ಲಿ ಕಣ್ಣಾರೆ ಕಂಡೆ. ಹೊಸ ಕೋಟು, ಹೊಸ ಚಷ್ಮಾ, ಎದೆಯ ಮೇಲೆ ಹೊಸ ಸಾಲೆಯ ಬಿಲ್ಲೆ. ಕೂದಲಿಗೆ ಬಣ್ಣವನ್ನೂ ಹಚ್ಚಿಸಿದ್ದೀರಿ. ಚೆನ್ನಾಗಿ ಕಾಣುತ್ತಿದ್ದಿರಿ, ಸುಳ್ಳು ಯಾಕೆ ಹೇಳಲಿ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಹಾಂ, ಹಾಂ, ನೋಡೂಣಂತ’ ಎಂದು ಜಾರಿಕೊಳ್ಳುವುದು ನನಗೆ ಹೊಸದಲ್ಲ. ನಾಳೆ ಬೆಳಿಗ್ಗೆ ಪರಮೇಶ ಬರುತ್ತಾನೆ. ನಿಮ್ಮದೇ ಶಿಷ್ಯ, ನೀವು ಬಿಟ್ಟುಹೋದ ಬ್ಯಾಂಡನ್ನು ಈಗ ನಡೆಸುತ್ತಿರುವವನು. ಇದನ್ನು ಅವನ ಕೈಯಲ್ಲೇ ನೀವಿರುವ ಮಾದಾಪುರಕ್ಕೆ ಕಳಿಸುತ್ತೇನೆ. ನನಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಶರ್ವರಿ ಕಳ್ಳಿಯಲ್ಲ ಎಂದು ನೀವು ಬರೆದು ಸಹಿ ಹಾಕಿ ಕೊಡಬೇಕು. ಸೋಮವಾರದೊಳಗೆ ಅದು ಅವಳ ಸಾಲೆಯ ಹೆಡ್‌ಮಿಸ್ಟ್ರೆಸ್ ಗಂಗಾಬಾಯಿಯವರ ಕೈ ಸೇರಬೇಕು.

ಇನ್ನು ಮುಂದಿನದೆಲ್ಲ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ತುಂಬಿದ ಸಭೆಯಲ್ಲಿ ‘ಗೊತ್ತಿಲ್ಲ’ ಎಂದವರು ನೀವಲ್ಲವೇ?

ಬಾಲಾನಗರದ ಕಾರ್ಖಾನೆ ಬಿಟ್ಟು ನೀವು ಶರ್ವರಿಯ ಈ ಸಾಲೆಯ ಬ್ಯಾಂಡಿಗೆ ಬಂದಾಗ ಸಾಲೆಯಲ್ಲಿ ಇದ್ದದ್ದು ಜಜ್ಜಿ ಹೊಟ್ಟೆ ಒಳಗೆ ಹೋದ ಹಿತ್ತಾಳೆ ವಾದ್ಯಗಳು, ತೊಗಲು ಸಡಿಲಾದ ಎರಡು ಡ್ರಮ್ಮು. ಕಾರ್ಖಾನೆಯ ಬ್ಯಾಂಡಿನಲ್ಲಿ ಊದುತ್ತ ಊದುತ್ತ ಐದು ಗೆರೆಗಳ ಮೇಲೆ ಸ್ವರ ಕೂರಿಸುವ ಸ್ಟಾಫ್ ನೊಟೇಶನ್ ಬರೆಯುವುದನ್ನು ನೀವು ಒಬ್ಬರೇ ಕಲಿತಿದ್ದಿರಿ. ಅಮೆರಿಕದಿಂದ ಅಚ್ಚಾಗಿ ಬರುವ ಸಾಲೆ-ಬ್ಯಾಂಡಿನ ಸಂಗೀತವನ್ನು ಯಾರಾದರೂ ಹೊಗಳಿದರೆ ನಿಮಗೆ ನಗು ಬರುತ್ತಿತ್ತು. ‘ಅದು ಕೂಸು ಹುಟ್ಟೂಕಿಂತ ಮೊದಲ ಹೊಲಿದ ಕುಲಾವಿ. ನಾ ಹಂಗಲ್ಲ, ಕೂಸಿನ ತಲಿ ಅಳತಿ ತಗೊಂಡು ಹೊಲೀತೀನಿ’ ಎನ್ನುತ್ತಿದ್ದಿರಿ. ಮುಂದಿನ ಹಲ್ಲು ಬಿದ್ದಿದ್ದ ಸುವರ್ಣಾಗೆ ಎತ್ತರದ ಸ್ವರವನ್ನೇ ಬರೆಯಲಿಲ್ಲ. ತಾಳ ಓಡಿಸಿಕೊಂಡು ಬಾರಿಸುವ ಹುಡುಗಿಗೆ ದೊಡ್ಡ ಡ್ರಮ್ಮು ಕೊಟ್ಟು, ನಾಲ್ಕಕ್ಕೊಂದೇ ಪೆಟ್ಟು ಎಂದಿರಿ. ಯಾವ ಮಗುವೂ ಸ್ಟೇಜಿನ ಮೇಲೆ ಸೋಲಬಾರದು ಎಂಬುದು ನಿಮ್ಮ ಹಟ. ಆಗ ನನಗೆ ನಿಮ್ಮ ಮೇಲೆ ಭಾರಿ ಅಭಿಮಾನವಿತ್ತು. ಅದನ್ನು ಈಗ ಬರೆಯಲು ಬೇಜಾರಾಗುತ್ತದೆ, ಆದರೆ ಇತ್ತು.

ಶರ್ವರಿಗೆ ಉಬ್ಬಸ ವಿಪರೀತವಾಗಿದ್ದು ಅವಳಿಗೆ ಹನ್ನೊಂದು ತುಂಬಿದ ಚಳಿಗಾಲದಲ್ಲಿ. ಹಿಮಾಯತ್‌ನಗರದ ಡಾಕ್ಟರರು ಆಯಾಸವಾಗದಷ್ಟು ಊದಿದರೆ ಅಡ್ಡಿಯಿಲ್ಲ ಎಂದರು. ನೀವು ಕೊಳಲು ಕೊಟ್ಟರೆ ಅವಳು ಮುಖ ತಿರುಗಿಸಿದಳು. ಅವಳ ಕಣ್ಣೆಲ್ಲ ಯುಫೋನಿಯಂ ಮೇಲೆ. ಮಡಿಲಲ್ಲಿ ಕೂರಿಸಿಕೊಂಡು ಊದುವ ಆ ಹಿತ್ತಾಳೆಯ ಡೊಳ್ಳುಹೊಟ್ಟೆಯನ್ನು ಅವಳು ಅಪ್ಪಿಕೊಂಡರೆ ಹುಡುಗಿಯೇ ಕಾಣುತ್ತಿರಲಿಲ್ಲ. ‘ಕೂಸಿನ ಮಡಿಲಾಗ ಎಮ್ಮಿ ಕರ ಕೂಡಿಸೀರಲ್ರೀ’ ಎಂದು ಸಾಲೆಯ ಆಯಾ ಗುಂಡಮ್ಮ ಬಿದ್ದು ಬಿದ್ದು ನಕ್ಕಿದ್ದಳು. ಅದೇ ವಾದ್ಯಕ್ಕೆ ನೀವು ಅವಳ ಹುಟ್ಟುಹಬ್ಬಕ್ಕೆಂದು ಒಂದು ಮಾರ್ಚ್ ಬರೆದಿರಿ. ಅವಳು ಎಷ್ಟು ಹೊತ್ತು ಊದಬಲ್ಲಳು ಎಂಬುದನ್ನು ಪಕ್ಕದಲ್ಲೇ ಕೂತು ನೋಡಿ, ಅಷ್ಟಕ್ಕೆ ಸಾಲು ಮುಗಿಸಿದಿರಿ. ಸಾಲು ಸಾಲಿನ ನಡುವೆ ಇಡೀ ಬ್ಯಾಂಡು ಬಾಯಿ ಮುಚ್ಚಬೇಕು, ಶರ್ವರಿ ಉಸಿರು ಎಳೆದುಕೊಳ್ಳಬೇಕು, ಆಮೇಲೆ ಮುಂದಿನ ಹೆಜ್ಜೆ. ನಾನು ಅಡುಗೆಮನೆಯಿಂದ ಕೇಳಿ, ಇದೇನ್ರೀ, ಮಾರ್ಚು ಎಡವಿ ಎಡವಿ ನಡೀತದಲ್ಲ ಎಂದಿದ್ದೆ. ‘ನನ್ನ ಮಗಳು ಬರೂ ತನಕ ಎಲ್ಲಾರೂ ನಿಂದರ್ಲಿ’ ಎಂದಿರಿ ನೀವು.

ಅದಕ್ಕೆ ಹೆಸರನ್ನೂ ಇಡಲಿಲ್ಲ. ಮನೆಯಲ್ಲಿ ‘ಶರ್ವರಿದು’ ಎಂದರೆ ಅದೇ. ಒಂಬತ್ತನೇ ತರಗತಿಗೆ ಬಂದು ದೊಡ್ಡವರ ಬ್ಯಾಂಡಿಗೆ ಸೇರಿದ ಮೇಲೆ ನೀನೇ ಸ್ಟೇಜಿನ ಮೇಲೆ ಬಾರಿಸು, ಅಲ್ಲೀತನಕ ಯಾರಿಗೂ ಕೊಡೂದಿಲ್ಲ ಎಂದು ಹೇಳಿ ಕಾಗದಗಳನ್ನು ಅವಳ ಟ್ರಂಕಿನಲ್ಲಿ ಇಡಿಸಿದಿರಿ. ತಾರೀಖು ಹಾಕಲಿಲ್ಲ, ಹೆಸರು ಬರೆಯಲಿಲ್ಲ. ಮನೆಯವರ ನಡುವೆ ಇಂಥದ್ದಕ್ಕೆಲ್ಲ ಯಾರು ತಾರೀಖು ಹಾಕುತ್ತಾರೆ?

ಆಮೇಲೆ ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ಕಂಪ್ಯೂಟರ್ ಮಂದಿಯ ಮಕ್ಕಳಿಗೆಂದು ಹೊಸ ಸಾಲೆ ಬಂತು, ಆ ಸಾಲೆಗೆ ಜರ್ಮನಿಯ ವಾದ್ಯಗಳು ಬಂದವು, ವಾದ್ಯಗಳ ಹಿಂದೆ ನೀವು ಹೋದಿರಿ. ಮೊದಲು ಬಸ್ಸಿನ ತ್ರಾಸು ಎಂದು ವಾರಕ್ಕೆರಡು ದಿನ ಅಲ್ಲೇ ಉಳಿದಿರಿ. ಆಮೇಲೆ ಸಾಲೆಯವರು ಫ್ಲಾಟು ಕೊಟ್ಟರು. ನನ್ನ ನೌಕರಿ ಬಿಟ್ಟು ನಾನು ಬರಲಾರೆ ಎಂದೆ, ನೀನು ಬಾವಿಯೊಳಗಿನ ಕಪ್ಪೆ ಎಂದಿರಿ, ಅಲ್ಲಿಗೆ ಮುಗಿಯಿತು. ಆಫೀಸಿನಲ್ಲಿ ಹೆಂಗಸರು ಬೇರೆ ಯಾರಾದರೂ ಇದ್ದಾರೇನು ಎಂದು ಮೆಲ್ಲಗೆ ಕೇಳುತ್ತಾರೆ. ಇದ್ದಾಳೆ, ಐದು ಅಂತಸ್ತಿನವಳು, ಲಿಫ್ಟ್ ಇರುವವಳು ಎನ್ನುತ್ತೇನೆ. ಶರ್ವರಿ ಮಾತ್ರ ಭಾನುವಾರ ಭಾನುವಾರ ಬಸ್ಸು ಹತ್ತಿ ನಿಮ್ಮಲ್ಲಿಗೆ ಬರುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ.

ಅಂಥ ಒಂದು ಭಾನುವಾರ, ದಸರೆಯ ಸುಮಾರಿಗೆ, ಅಂತರಶಾಲಾ ಸ್ಪರ್ಧೆಯ ಕೊನೆಯ ಸುತ್ತಿಗೆ ‘ಶರ್ವರಿದು’ ಬಾರಿಸುತ್ತೇವೆ ಎಂದು ಅವಳು ನಿಮಗೆ ಹೇಳಿದಳು. ನೀವೇನೆಂದಿರಿ? ‘ಚಲೋ ಆತು. ಓಡಸಬ್ಯಾಡ್ರಿ, ಸಾವಕಾಶ ಬಾರಸ್ರಿ.’ ಅದೇ ಹೊತ್ತಿಗೆ ನೀವು ಅದನ್ನೇ ನಿಮ್ಮ ಹೊಸ ಸಾಲೆಯ ತಾರಾ ಎಂಬ ಹುಡುಗಿಗೆ ಕಲಿಸುತ್ತಿದ್ದಿರಿ. ಸ್ವಂತ ಕೃತಿ ಬೇಕು ಎಂದು ಅಲ್ಲಿಯ ಸಾಲೆಯವರು ಹಟ ಹಿಡಿದು ಕೂತಿದ್ದರಂತೆ. ಹೊಸದು ಬರೆಯಲು ಆಗಲಿಲ್ಲವೇ? ಆಗಿಲ್ಲದಿದ್ದರೆ ಅದು ನಾಚಿಕೆಯ ಮಾತೇನಲ್ಲ. ಅಳತೆ ತೆಗೆದುಕೊಳ್ಳುವಷ್ಟು ಹತ್ತಿರ ಅಲ್ಲಿ ನಿಮಗೆ ಯಾವ ಮಗುವೂ ಸಿಕ್ಕಿರಲಿಕ್ಕಿಲ್ಲ. ಆದರೆ ಅವತ್ತೇ ಮಗಳಿಗೆ ಹೇಳಬಹುದಿತ್ತಲ್ಲ. ಯಾಕೆ ಹೇಳಲಿಲ್ಲ ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡೆ, ಇವತ್ತು ಅನ್ನ ಬಸಿಯುವಾಗ ಹೊಳೆಯಿತು. ಮೊದಲ ಸುತ್ತಿನಲ್ಲಿ ಎಲ್ಲರೂ ಕೊಟ್ಟದ್ದನ್ನೇ ಬಾರಿಸಬೇಕು, ಗೆದ್ದವರು ಮಾತ್ರ ಕೊನೆಯ ಸುತ್ತಿಗೆ. ಹೊಟ್ಟೆ ಒಳಗೆ ಹೋದ ವಾದ್ಯಗಳ ಈ ಹುಡುಗಿಯರು ಕೊನೆಯ ಸುತ್ತಿನ ತನಕ ಬರುವುದೇ ಇಲ್ಲ ಎಂದುಕೊಂಡಿರಿ. ನೀವೇ ಕೈಹಿಡಿದು ಕಲಿಸಿದವರು ಸೋಲುತ್ತಾರೆ ಎಂದು ನಂಬಿ ಸುಮ್ಮನೆ ಕೂತಿರಿ. ಬಿಟ್ಟುಹೋದದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾರೆ.

ಆದರೆ ಅವರು ಬಂದರು. ಗುರುವಾರ ಕೊನೆಯ ಸುತ್ತಿನಲ್ಲಿ ನಿಮ್ಮ ಸಾಲೆಯದೇ ಮೊದಲ ಸರದಿ. ‘ಮಿಲೇನಿಯಮ್ ಮಾರ್ಚ್, ನಮ್ಮ ಸಾಲೆಗೆಂದೇ ವಿಶೇಷವಾಗಿ ರಚಿಸಿದ್ದು’ ಎಂದು ಮೈಕಿನಲ್ಲಿ ಹೇಳಿದರು. ನಾನು ಗುಂಡಮ್ಮನ ಪಕ್ಕ ಕೂತಿದ್ದೆ. ಎರಡನೇ ಸಾಲಿಗೇ ಇದು ‘ಶರ್ವರಿದು’ ಎಂದು ಗೊತ್ತಾಯಿತು. ತಾರಾ ದಷ್ಟಪುಷ್ಟ ಹುಡುಗಿ, ಒಂದೇ ದಮ್ಮಿಗೆ ಮೂರು ಸಾಲು ಊದಬಲ್ಲಳು. ಆದರೂ ಪ್ರತಿ ಸಾಲಿಗೂ ನಿಂತಳು, ಬ್ಯಾಂಡೂ ನಿಂತಿತು. ಬೇಕಿಲ್ಲದ ಕಡೆ ನಿಂತ ಬಸ್ಸಿನ ಹಾಗೆ ಎಲ್ಲರೂ ನಿಂತು ಮುಂದೆ ಹೋದರು. ಹೆಸರು ಬದಲಿಸಿದಿರಿ, ಹುಡುಗಿಯನ್ನು ಬದಲಿಸಿದಿರಿ, ನನ್ನ ಮಗಳ ಉಸಿರಿಗೆ ಬಿಟ್ಟ ಜಾಗ ತುಂಬಿಸುವಷ್ಟು ಪುರಸೊತ್ತು ನಿಮಗಿರಲಿಲ್ಲ. ಅದಕ್ಕೇ ಹೊಗಳಿಕೆ ಬಂತಲ್ಲ! ಮುಖ್ಯ ಅತಿಥಿಯಾಗಿ ಬಂದಿದ್ದ ಸಾಫ್ಟ್‌ವೇರ್ ಸಾಹೇಬರು ಮೈಕು ಹಿಡಿದು, ಈ ನಿಶ್ಶಬ್ದಗಳೇ ಈ ಸಂಗೀತದ ಜೀವ, ಎಂಥ ಆಧುನಿಕ ಕಲ್ಪನೆ ಎಂದರು. ನೀವು ಎದ್ದು ನಿಂತು ತಲೆ ಬಾಗಿಸಿದಿರಿ.

ನಮ್ಮವರ ಸರದಿ ಕೊನೆಗೆ. ಅವರ ಹತ್ತಿರ ಬೇರೆ ಯಾವುದೂ ತಯಾರಿರಲಿಲ್ಲ. ಏನ್ ಮಾಡೂಣು ಎಂದು ಪರಮೇಶ ಪರದೆಯ ಹಿಂದೆ ಶರ್ವರಿಯನ್ನೇ ಕೇಳಿದನಂತೆ. ‘ಅಪ್ಪ ಅಲ್ಲೇ ಕೂತಾರಲ್ಲ ಸರ್, ಕೇಳಿದ್ರ ಹೇಳ್ತಾರ’ ಎಂದು ಅವಳು ವಾದ್ಯ ಎತ್ತಿಕೊಂಡಳು. ಅರ್ಧಕ್ಕೇ ತೀರ್ಪುಗಾರರು ಕೈ ಎತ್ತಿ ನಿಲ್ಲಿಸಿದರು. ಒಬ್ಬರು ನಿಮ್ಮ ಕಡೆ ತಿರುಗಿ, ಇದು ನಿಮ್ಮ ರಚನೆಯಲ್ಲವೇ ಎಂದರು. ಹೌದು ಎಂದಿರಿ. ಈ ಮಕ್ಕಳಿಗೆ ಹೇಗೆ ಸಿಕ್ಕಿತು ಎಂದರು. ಶರ್ವರಿ ನಿಮ್ಮನ್ನೇ ನೋಡುತ್ತಿದ್ದಳು. ನೀವು ಚಷ್ಮಾ ತೆಗೆದು ಒರೆಸುತ್ತ, ಗೊತ್ತಿಲ್ಲ ಎಂದಿರಿ. ಗುಂಡಮ್ಮ ನನ್ನ ಮೊಳಕೈ ಹಿಡಿದು, ‘ಇದೇನ್ರೀ ಅವ್ವಾರ, ಸರ್ ಹಿಂಗ್ಯಾಕ ಅನ್ನಾಕತ್ತಾರ? ಅವರ ಮಗಳ ಐತಲ್ರೀ ಅದು’ ಎಂದಳು.

ಹೊರಗೆ ಬಂದಾಗ ಆ ತಾರಾ ಓಡಿ ಬಂದು ಶರ್ವರಿಯನ್ನು ಮಾತಾಡಿಸಿದಳು. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ನೀವೂ ಅಲ್ಲಲ್ಲಿ ನಿಲ್ಲುತ್ತೀರಲ್ಲ, ಯಾಕೆ ನಿಲ್ಲಬೇಕು ಎಂದು ನಿನಗೆ ಗೊತ್ತೇ, ನಮ್ಮ ಸರ್ ಹೇಳುವುದೇ ಇಲ್ಲ ಎಂದು ಕೇಳಿದಳು. ಶರ್ವರಿ ಅವಳ ಕೈ ಒತ್ತಿ ಬಂದುಬಿಟ್ಟಳು.

ನಿನ್ನೆ ಗಂಗಾಬಾಯಿಯವರು ನನ್ನನ್ನು ಕರೆಸಿದ್ದರು. ಪ್ರತಿ ಭಾನುವಾರ ನಿಮ್ಮ ಫ್ಲಾಟಿಗೆ ಬರುವ ಮಗಳೇ ಮಾರ್ಚಿನ ಕಾಗದಗಳನ್ನು ಕದ್ದೊಯ್ದಿರಬೇಕು ಎಂದು ನಿಮ್ಮ ಸಾಲೆಯವರು ದೂರು ಕಳಿಸಿದ್ದಾರೆ. ‘ನನಗ ಆ ಹುಡುಗಿ ಮ್ಯಾಲೆ ಸಂಶಯ ಇಲ್ರೀ ಮಂದಾಕಿನಿಬಾಯಿ. ಆದ್ರ ತಾಯಿ ಮಾತು ಯಾರ್ ಕೇಳ್ತಾರ? ಸರ್ ಕಡಿಂದ ಒಂದ್ ಮಾತು ತರಿಸ್ರಿ, ಸೋಮವಾರತನಕ ನಾ ತಡೀತೀನಿ’ ಎಂದರು. ತರಿಸದಿದ್ದರೆ ಶರ್ವರಿ ಬ್ಯಾಂಡಿನಿಂದ ಹೊರಗೆ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ಕ್ಷಮೆ ಕೇಳಬೇಕು.

ಗುರುವಾರದಿಂದ ಅವಳು ನಿಮ್ಮ ಹೆಸರನ್ನೇ ಎತ್ತಿಲ್ಲ. ಇವತ್ತು ವಾದ್ಯವನ್ನೂ ತರದೆ ಸಾಲೆಯಿಂದ ಬಂದಳು. ಕೇಳಿದರೆ ಪಾಲಿಶ್‌ಗೆ ಕೊಟ್ಟೀನಿ ಎಂದಳು. ನಿಮ್ಮ ಮೇಲಿನ ಸಿಟ್ಟು ಅವಳಿಗೆ ಅಷ್ಟು ಬೇಗ ಇಳಿಯುವಂಥದ್ದಲ್ಲ, ನನ್ನ ಮಗಳು. ನಾಳೆ ಭಾನುವಾರ ಅವಳ ದಾರಿ ಕಾಯಬೇಡಿ. ನಾನು ತಡೆಯುತ್ತಿಲ್ಲ, ಅವಳೇ ಇನ್ನು ಆ ಕಡೆ ತಲೆ ಹಾಕಲಾರಳು.

ಒಕ್ಕಣೆ ನಾನೇ ಮಾಡಿಕೊಡುತ್ತೇನೆ. ಸರಕಾರಿ ಆಫೀಸಿನಲ್ಲಿ ಇಷ್ಟು ವರ್ಷ ಕಲಿತದ್ದು ಇದೊಂದನ್ನೇ. ‘ಈ ಮಾರ್ಚನ್ನು ನನ್ನ ಮಗಳು ಶರ್ವರಿಗಾಗಿ, ಅವಳು ಹನ್ನೊಂದು ವರ್ಷದವಳಿದ್ದಾಗ ಬರೆದು ಅವಳಿಗೇ ಕೊಟ್ಟಿದ್ದೆ. ಅದರಲ್ಲಿ ಬರುವ ನಿಲುಗಡೆಗಳು ಅವಳ ಉಸಿರಾಟಕ್ಕೆಂದು ಬಿಟ್ಟವು.’ ಇಷ್ಟು ಸಾಕು, ಕೆಳಗೆ ಸಹಿ ಹಾಕಿ. ನೌಕರಿ ಹೋಗುತ್ತದೆ ಎನ್ನುತ್ತೀರಿ. ಹೋಗಬಹುದು. ಹೊಸ ಕೃತಿ ಎಂದು ಹಳೆಯದನ್ನು ಕೊಟ್ಟವರನ್ನು ಯಾರೂ ಇಟ್ಟುಕೊಳ್ಳಲಿಕ್ಕಿಲ್ಲ. ಐವತ್ತರ ಗಂಡಸಿಗೆ ಇನ್ನೊಂದು ಕೆಲಸ ಸಿಗುತ್ತದೆ. ಹದಿನಾಲ್ಕರ ಹುಡುಗಿಗೆ ಕಳ್ಳಿ ಎಂಬ ಹೆಸರು ಬಂದರೆ ಅದು ಈ ಓಣಿ ಬಿಟ್ಟರೂ ಬೆನ್ನು ಬಿಡುವುದಿಲ್ಲ.

ಮತ್ತೇನೂ ಕೇಳುವುದಿಲ್ಲ. ಬನ್ನಿ ಎಂದೂ ಕರೆಯುವುದಿಲ್ಲ.

ಶರ್ವರಿಯ ತಾಯಿ,
ಮಂದಾಕಿನಿ

ತಾ.ಕ.: ಭಾನುವಾರ ಬೆಳಿಗ್ಗೆ. ಪರಮೇಶ ಬಂದಿದ್ದಾನೆ, ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಿದ್ದಾನೆ. ಮೇಲಿನದನ್ನು ಹರಿದು ಬೇರೆ ಬರೆಯುವಷ್ಟು ತ್ರಾಣ ನನಗಿಲ್ಲ. ವಾದ್ಯ ಪಾಲಿಶ್‌ಗೆ ಹೋಗಿಲ್ಲ ಎಂದು ಅವನೇ ಹೇಳಿದ. ಶರ್ವರಿ ನಿನ್ನೆಯೇ ಗಂಗಾಬಾಯಿಯವರ ಕೋಣೆಗೆ ಹೋಗಿ, ಹೌದು, ಅಪ್ಪನ ಮೇಜಿನ ಮೇಲಿಂದ ನಾನೇ ಕದ್ದೆ ಎಂದು ಹೇಳಿ ವಾದ್ಯವನ್ನು ಒಪ್ಪಿಸಿ ಬಂದಿದ್ದಾಳೆ. ಹೊರಗೆ ನಿಂತಿದ್ದ ಪರಮೇಶ ಸುಳ್ಳು ಯಾಕೆ ಹೇಳಿದಿ ಎಂದು ಕೇಳಿದ್ದಕ್ಕೆ, ‘ಖರೇ ಹೇಳಿದ್ರ ಅಪ್ಪನ ನೌಕರಿ ಹೋಗ್ತದ ಸರ್. ನಂದೇನು, ಉಬ್ಬಸದಾಕಿ, ಹೆಂಗೂ ಭಾಳ ದಿನ ಊದಾಂಗಿಲ್ಲ. ಅವ್ವಗ ಹೇಳಬ್ಯಾಡ್ರಿ’ ಎಂದಳಂತೆ. ಸಿಟ್ಟು ಎಂದು ನಾನು ಬರೆದದ್ದು ನನ್ನ ಸಿಟ್ಟು. ಅವಳದಲ್ಲ. ಲೈಬ್ರರಿಗೆ ಎಂದು ಹೇಳಿ ಬೇಗ ಹೊರಟಿದ್ದಾಳೆ, ಆದರೆ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ಕಾಣುತ್ತಿಲ್ಲ. ಎಂದಿನಂತೆ ನಿಮ್ಮಲ್ಲಿಗೇ ಬಂದಿರುತ್ತಾಳೆ. ಪತ್ರವನ್ನು ಅವಳೆದುರಿಗೇ ಕೊಡು, ಓದಿ ಮುಗಿಸುವ ತನಕ ನಿಂತಿರು ಎಂದು ಪರಮೇಶನಿಗೆ ಹೇಳಿದ್ದೇನೆ. ಅವ್ವ ಏನ್ ಬರದಾಳಪ್ಪಾ ಎಂದು ಅವಳು ಕೇಳುತ್ತಾಳೆ. ಅವಳ ಮುಖ ನೋಡಿಕೊಂಡು, ಗೊತ್ತಿಲ್ಲ ಎನ್ನಿ.