ತವರಿಗೆ ಮರಳದ ನೀರು

ಉಗಿ ನಿಂತ ತೊಂಬತ್ತೊಂದನೆಯ ವರ್ಷ, ಕಾರ್ತಿಕದ ಎರಡನೆಯ ದಿನ

ಗುರಸಿದ್ದವ್ವ ಅಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಕಸ್ತೂರೆವ್ವ ಮಾಡುವ ನಮಸ್ಕಾರಗಳು.

ನಿನಗಿಂತ ನೂರಕ್ಕೂ ಹೆಚ್ಚು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ, ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮೂರಲ್ಲಿ ವರ್ಷ ಎಣಿಸುವುದೇ ಉಗಿ ನಿಂತ ದಿನದಿಂದ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಕಾಲಕ್ಕೆ ನಮ್ಮೂರ ದೇವಿ ಉರಿಯವ್ವನ ಬಿಸಿನೀರ ಹೊಂಡ ಇನ್ನೂ ಕುದಿಯುತ್ತಿದೆ. ಅದರ ಪಕ್ಕದಲ್ಲೇ ಆಳಕ್ಕೆ ಕೊರೆದು, ಮೇಲೆದ್ದ ಉಗಿಯಿಂದ ಚಕ್ರ ತಿರುಗಿಸಿ ಕರೆಂಟು ಮಾಡುವ ಕಟ್ಟಡ ಆಗತಾನೇ ಎದ್ದಿದೆ. ಅದನ್ನು ನಾವು ಉಗಿಮನೆ ಎನ್ನುತ್ತೇವೆ. ನನ್ನ ಕಾಲಕ್ಕೆ ಅಲ್ಲಿ ಪಾರಿವಾಳಗಳ ಸಂಸಾರ. ಕರೆಂಟಿಗೇನೂ ಬರವಿಲ್ಲ, ಮನೆಮನೆಗೂ ಬಿಸಿಲಹೆಂಚು ಇದೆ; ಹಗಲೆಲ್ಲ ಬಿಸಿಲು ಕುಡಿದು ಹೆಂಚೇ ದೀಪ ಹಚ್ಚುತ್ತದೆ. ಇಲ್ಲದಿರುವುದು ಹೊಂಡದ ನೀರು. ಹನ್ನೊಂದನೆಯ ದಿನ ಬಾಣಂತಿಗೂ ಕೂಸಿಗೂ ಅಲ್ಲೇ ಎರೆಯುತ್ತಿದ್ದರಂತೆ, ಗಂಧಕದ ವಾಸನೆ ಮೂರು ದಿನ ಕೂದಲು ಬಿಡುತ್ತಿರಲಿಲ್ಲವಂತೆ. ನಮ್ಮ ಪಾಲಿಗೆ ಉಳಿದದ್ದು ಬರೀ ಅಂತೆಕಂತೆ.

ನನ್ನ ಮಗಳು ಹೆತ್ತು ಇಂದಿಗೆ ಹತ್ತು ದಿನ. ನಾಳೆ ಕರೆಂಟಿನಲ್ಲಿ ಕಾಯಿಸಿದ ನೀರನ್ನೇ ಎರೆಯಬೇಕು. ನನಗೆ ಅಳು ಬರುತ್ತಿದೆ, ಅಜ್ಜಿ. ಕಂಡೇ ಇಲ್ಲದ ನೀರಿಗೆ ಇಷ್ಟು ಹಂಬಲಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಉಗಿಮನೆಯ ಎಂಜಿನಿಯರು ಎರಡನೆಯ ಬಾವಿ ಕೊರೆಯಲು ಯಂತ್ರ ತಂದಿರಬೇಕು. ಚಕ್ರ ತಿರುಗಿಸಿ ತಣಿದ ನೀರನ್ನು ಮರಳಿ ನೆಲದೊಳಕ್ಕೆ ಬಿಡುವ ಮರುಬಾವಿ ಅದು. ನೀನು ಊರ ಹೆಂಗಸರೊಡನೆ ಆ ಯಂತ್ರದ ಮುಂದೆ ಅಡ್ಡ ಕೂತದ್ದು ನಿನಗಿನ್ನೂ ಆಗದ ಮಾತು, ನಮಗೆ ಹಳೆಯ ಕಥೆ. "ಬಳಸಿದ ನೀರಂದ್ರ ಎಂಜಲ! ಉರಿಯವ್ವನ ಬಾಯಾಗ ಎಂಜಲ ಸುರೀತೀರೇನ್ರೋ?" ಎಂದೆಯಂತೆ. ಊರು ಗೆದ್ದಿತು, ಬಾವಿಯ ಕೆಲಸ ನಿಂತಿತು, ತಣಿದ ನೀರು ಹಳ್ಳದ ಪಾಲಾಯಿತು. ತೆಗೆದದ್ದೇ ತೆಗೆದದ್ದು, ತುಂಬಿದವರಿಲ್ಲ. ಇಪ್ಪತ್ತಾರು ವರ್ಷಕ್ಕೆ ಉಗಿ ನಿಂತಿತು, ಹಿಂದೆಯೇ ಹೊಂಡವೂ ಬತ್ತಿತು.

ನಿನ್ನ ಮೇಲೆ ಸಿಟ್ಟಿಲ್ಲ. ಆ ಭಕ್ತಿ ನನಗೂ ಇದೆ, ಹಟವೂ ಇದೆ. ಒಂದೇ ಮಾತು ಕೇಳುತ್ತೇನೆ: ಗಂಡನ ಮನೆಯಲ್ಲಿ ದುಡಿದು ದಣಿದು ಬಂದ ಮಗಳಿಗೆ ತವರು ಎಂಜಲೆಂದು ಬಾಗಿಲು ಹಾಕೀತೇ?

ಯಂತ್ರದ ಮುಂದೆ ಕೂತರೂ ಎದ್ದುಬಿಡು, ಅಜ್ಜಿ. ನೀನು ಎದ್ದರೆ ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ನಿನ್ನ ಹೆಸರು ಹಿಡಿದು ಹೀಗೆ ಅಳುವವಳೂ ಇರುವುದಿಲ್ಲ. ಆಗಲಿ. ನಾನು ಯಾರೆಂದು ನಿನಗೆ ಎಂದೂ ತಿಳಿಯದಿದ್ದರೂ ಸರಿ, ನಾಳೆ ಕೂಸಿನ ನೆತ್ತಿಗೆ ಹೊಂಡದ ಆ ನೀರು ಬೀಳಲಿ.