ಹಬ್ಬ ಕಳೆದ ಮೇಲಿನ ಒಂದು ಗಂಟೆ

ಕಾಸಾಬ್ಲಾಂಕಾ
ಈದ್ ಕಳೆದು ಹತ್ತೊಂಬತ್ತನೆಯ ದಿನ

ನನ್ನ ಇಬ್ತಿಸಾಮ್,

ನೀನು ನನ್ನ ಫೋನ್ ಎತ್ತುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಈ ಪತ್ರವನ್ನಾದರೂ ಹರಿದು ಹಾಕುವ ಮುಂಚೆ ಓದು.

ಡಯಾಲಿಸಿಸ್ ರೋಗಿಗಳಿಗೆ ಅವರ ಸರದಿಯ ಹೊತ್ತನ್ನು ಫೋನಿನಲ್ಲಿ ತಿಳಿಸುವ ಆ ತಂತ್ರಾಂಶದ ಕೆಲಸ ಶುರುವಾದ ಮೊದಲ ವಾರವೇ ನೀನು ಅಪಾಯಗಳ ಪಟ್ಟಿಯಲ್ಲಿ ಬರೆದಿದ್ದೆ: ರಂಜಾನಿಗೆ ದೇಶದ ಗಡಿಯಾರವೇ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಹಬ್ಬದ ನಂತರ ಮುಂದಕ್ಕೆ ಬರುತ್ತದೆ, ಎರಡನ್ನೂ ಪರೀಕ್ಷಿಸಬೇಕು. ವಿನ್ಯಾಸದವರು ಅದನ್ನು ಕೋಡ್ ಬರೆಯುವವರ ಮೇಲೆ ಹಾಕಿದರು, ಅವರು ಪರೀಕ್ಷೆಗೆ ತಳ್ಳಿದರು. ನಮ್ಮ ಕೈಗೆ ಬಂದಾಗ ರಂಜಾನಿಗೆ ನಾಲ್ಕೇ ದಿನ. ಹಿಂದಕ್ಕೆ ಹೋಗುವುದನ್ನಷ್ಟೇ ನೋಡಿದೆವು. ತಂತ್ರಾಂಶ ಸರದಿಗಿಂತ ಒಂದು ಗಂಟೆ ಮುಂಚಿನ ಹೊತ್ತು ತೋರಿಸಿತು. ಯೋಜನೆಯ ಯಜಮಾನ ಅನ್ವರ್ ನಕ್ಕಿದ್ದ: "ಬೇಗ ಬಂದ್ರೆ ಯಾರಪ್ಪನ ಗಂಟು ಹೋಗುತ್ತೆ? ಕೂತು ತಸ್ಬೀಹ್ ಮಣಿ ಎಣಿಸ್ಲಿ ಬಿಡ್ರೀ." ನೀನೊಬ್ಬಳು ನಗಲಿಲ್ಲ. "ಹಬ್ಬ ಆದ್ಮೇಲೆ ಇದೇ ಉಲ್ಟಾ ಆಗಿ ತಡವಾಗಿ ಬರ್ತಾರೆ, ರಬೀಆ ಅಕ್ಕ. ಇನ್ನೆರಡು ದಿನ ಕೊಡಿ" ಅಂದೆ.

ನಾನು ಕೊಡಲಿಲ್ಲ. ಗುಣಮಟ್ಟದ ಮುಖ್ಯಸ್ಥೆ ನಾನು. ನನ್ನ ಒಪ್ಪಿಗೆಯಿಲ್ಲದೆ ಅದು ಹೊರಗೆ ಹೋಗುವಂತಿರಲಿಲ್ಲ. ನೀನು ಮನೆಗೆ ಹೋದ ಮೇಲೆ ಪಟ್ಟಿಯಲ್ಲಿ 'ಹೆಚ್ಚು' ಎಂದಿದ್ದ ಅಪಾಯವನ್ನು 'ಕಡಿಮೆ' ಎಂದು ತಿದ್ದಿದೆ. ಪಕ್ಕದಲ್ಲಿ ನಿನ್ನ ಹೆಸರನ್ನು ಹಾಗೇ ಬಿಟ್ಟೆ. ಒಬ್ಬ ರೋಗಿ ಸತ್ತ ಮೇಲೆ ಅದನ್ನೇ ತೋರಿಸಿ ನಿನ್ನನ್ನು ಕೆಲಸದಿಂದ ತೆಗೆದಾಗ ತುಟಿ ಬಿಚ್ಚದೆ ಕೂತಿದ್ದೆ.

ಸತ್ತವರು ಲಲ್ಲಾ ತಾಮು, ಜಲಾಬಾ ನಿಲುವಂಗಿಗಳಿಗೆ ದಾರದ ಗುಂಡಿ ಹೆಣೆಯುತ್ತಿದ್ದವರು. ಹಬ್ಬದ ನಂತರದ ಆ ಸೋಮವಾರ ಸರದಿ ಇದ್ದದ್ದು ಏಳಕ್ಕೆ, ಫೋನಿನಲ್ಲಿ ಬಂದದ್ದು ಎಂಟು. ಹೋಗುವಷ್ಟರಲ್ಲಿ ಯಂತ್ರವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ಬುಧವಾರ ಬನ್ನಿ ಎಂದರು. ಮಂಗಳವಾರವೇ ತೀರಿಕೊಂಡರು.

ಪರಿಚಯದವಳೆಂದು ಸುಳ್ಳು ಹೇಳಿ ಆ ಮನೆಗೆ ಹೋಗಿದ್ದೆ. ಮಗಳು ಹಫ್ಸಾ ಕೂಸ್‌ಕೂಸ್ ಬಡಿಸುತ್ತ ಅಂದಳು: "ಅಮ್ಮಂಗೆ ಓದೋಕೆ ಬರ್ತಿರಲಿಲ್ಲ ಚಿಕ್ಕಮ್ಮ, ಓದಿ ಹೇಳಿದ್ದು ನಾನು. ನಾನೇ ತಪ್ಪಾಗಿ ಓದಿದೆ ಅಂತಾರೆ ಕ್ಲಿನಿಕ್‌ನೋರು. ಇರಬಹುದೇನೋ." ಸರದಿಯ ದಿನ ಕಳೆದರೆ ಆ ಸಂದೇಶ ತಾನೇ ಅಳಿಸಿಹೋಗುತ್ತದೆ, ಹಾಗೆ ಮಾಡಿಟ್ಟವರೂ ನಾವೇ. ನಾನು ಊಟ ಮುಗಿಸಿ, ಕೈ ತೊಳೆದು, ಎದ್ದು ಬಂದೆ.

ಪಟ್ಟಿಯನ್ನು ಯಾರು, ಯಾವಾಗ ತಿದ್ದಿದರು ಎಂಬ ದಾಖಲೆ ಇದರ ಜೊತೆಗಿದೆ. ವಕೀಲರಿಗೆ ಕೊಡು. ನನ್ನ ಮುಖ ನೋಡಿ ಸುಮ್ಮನಾಗಬೇಡ.

ಅಕ್ಕ ಎನ್ನಿಸಿಕೊಳ್ಳುವ ಯೋಗ್ಯತೆ ಉಳಿಸಿಕೊಳ್ಳದ,
ರಬೀಆ

ಮರೆಯುವ ಮುನ್ನ: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಹಫ್ಸಾಳ ಕೈಗೆ ಓದಲು ಕೊಟ್ಟೆ. ಬೈಯುತ್ತಾಳೆ, ಹೊರಗೆ ದಬ್ಬುತ್ತಾಳೆ ಎಂದುಕೊಂಡಿದ್ದೆ. ಎರಡು ಸಲ ಓದಿದಳು. ಆಮೇಲೆ, "ಹಾಗಾದ್ರೆ ನಾನು ಸರಿಯಾಗೇ ಓದಿದ್ದೆ, ಅಲ್ವಾ?" ಎಂದಷ್ಟೇ ಕೇಳಿದಳು.