ದಕ್ಷಿಣದ ಕೋಣೆಯಲ್ಲಿರುವ ವೈನಿಗೆ

ವೈನಿ,

ನಿನಗೆ ಕಾಗದ ಬರೆಯುವವರ ಪೈಕಿ ನಾನಲ್ಲ, ನಿನಗೇ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಬರ್ತ್‌ಡೇ ಕಾರ್ಡನ್ನೂ ನೆಟ್ಟಗೆ ಬರೆದವಳಲ್ಲ. ಕೆಳಗೊಂದು ಸಹಿ ಗೀಚಿ ಕೊಟ್ಟವಳು. ಆದರೆ ಕಳೆದ ಭಾನುವಾರ ನಿಮ್ಮವ್ವನ ಜೊತೆ ಮಾತಾಡಿದೆ. ಅದರಲ್ಲಿ ಒಂದು ಮಾತನ್ನು ಅಣ್ಣನಿಗೆ ಹೇಳಲಾರೆ, ನಿನ್ನ ಮಗಳಿಗೆ ಹೇಳಲಾರೆ. ಹೇಳದೆ ನನಗೆ ಊಟ ಇಳಿಯುತ್ತಿಲ್ಲ.

ಅಣ್ಣ ನಿನ್ನನ್ನು ಮದುವೆಯಾಗಿ ಈ ಪರದೇಶದಲ್ಲಿ, ಹಾಫ್‌ಮನ್ ಎಸ್ಟೇಟ್ಸ್‌ನ ಮನೆಗೆ ಕರೆತಂದ ಮೊದಲ ವಾರವೇ ನಾನು ನನ್ನೂರು ಡಿಯರ್‌ಬಾರ್ನ್‌ನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದೆ. ನಿನ್ನನ್ನು ನೋಡಲು ಅಂತ ನೆಪ, ನಿಜವಾಗಿ ಜಗಳ ತೆಗೆಯಲು. ಧಾರವಾಡದಲ್ಲಿ ಹೆಣ್ಣುಗಳ ಬರಗಾಲ ಬಿದ್ದಿತ್ತೇ, ಇಂಡೋನೇಷ್ಯಾದವಳೇ ಬೇಕಾಗಿತ್ತೇ ಇವನಿಗೆ ಎಂದು ದಾರಿಯುದ್ದಕ್ಕೂ ಗೊಣಗಿದ್ದೆ. ನೀನು ಗಾಜಿನ ಲೋಟಕ್ಕೆ ಕಾಫಿಪುಡಿ ಹಾಕಿ, ಬಿಸಿನೀರು ಸುರಿದು, ಸೋಸದೆ ಹಾಗೇ ನನ್ನ ಮುಂದಿಟ್ಟೆ. ನಾನು ಅವಸರಕ್ಕೆ ದೊಡ್ಡ ಗುಟುಕು ಎಳೆದೆ. ಬಾಯಿ ತುಂಬ ಗಸಿ! ನೀನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ. ಇದು ನಮ್ಮೂರ ಕಾಫಿ, ಗಸಿ ತಳಕ್ಕೆ ಕೂರುವವರೆಗೆ ಸುಮ್ಮನೆ ಕೂರಬೇಕು ಎಂದೆ. ಸುಮ್ಮನೆ ಕೂರುವುದು ನನಗೆಲ್ಲಿ ಬರುತ್ತದೆ? ಆದರೂ ಜಗಳ ಅಲ್ಲಿಗೇ ಮುಗಿಯಿತು.

ತಾರಾ ಹೊಟ್ಟೆಯಲ್ಲಿದ್ದಾಗ ನಿನಗೆ ಹಗಲೆಲ್ಲ ಊರಿನದೇ ಧ್ಯಾನ. ಅಷ್ಟರಲ್ಲಿ ನಮ್ಮ ಕನ್ನಡ ನಿನ್ನ ಬಾಯಲ್ಲಿ ಸಲೀಸಾಗಿ ಆಡುತ್ತಿತ್ತು. ಸುಲಾವೆಸಿ ದ್ವೀಪದ ತೊರಾಜಾ ಬೆಟ್ಟಗಳಲ್ಲಿ ಮೂವತ್ತು ಮನೆಗಳ ಹಳ್ಳಿ. ದೋಣಿಯಂತೆ ಎರಡೂ ತುದಿ ಮೇಲೆದ್ದ ಮಾಡುಗಳು, ರಸ್ತೆಯ ಅರ್ಧಕ್ಕೆ ನೀಲಿ ಟಾರ್ಪಾಲಿನ ಮೇಲೆ ಹರಡಿದ ಕಾಫಿಬೀಜ, ಭಾನುವಾರ ಚರ್ಚು. ನಿನ್ನ ಅಜ್ಜನ ವಿಷಯ ಹೇಳಿದ್ದು ಆಗಲೇ.

"ಉಸಿರು ನಿಂತ ಮ್ಯಾಲೆ ಅಜ್ಜ ಹದಿನಾಲ್ಕು ತಿಂಗಳು ದಕ್ಷಿಣದ ಕೋಣ್ಯಾಗ ಮಲಗಿದ್ದ. ದಿನಾ ಮುಂಜಾನೆ ನಾನ ಕಾಫಿ ಒಯ್ದು ಇಡ್ತಿದ್ದೆ, ಆಮ್ಯಾಲೆ ಸಾಲಿಗೆ ಹೋಗ್ತಿದ್ದೆ."

"ಅಯ್ಯ ನಮ್ಮವ್ವಾ, ಹೆಣದ ಮುಂದ ಕಾಫಿ?"

"ನಾವು ಹೆಣ ಅನ್ನಂಗಿಲ್ಲ ಸವಿತಾ. ಆರಾಮಿಲ್ಲ ಅಂತೀವಿ. ಔಷಧ ಹಾಕಿ ಮನ್ಯಾಗ ಇಟ್ಕೋತೀವಿ, ಮಾತಾಡಸ್ತೀವಿ. ಎಲ್ಲಾರೂ ಬಂದು ಕೂಡಿ ಬಂಡೆಗಲ್ಲಿನ ಗವಿಗೆ ಕಳಸೂತನಕ ಅವರು ಸತ್ತಂಗಲ್ಲ."

ನಾನು ನಕ್ಕಿದ್ದೆ. ನೀನು ನಗಲಿಲ್ಲ. ಅಂದರೆ ನನಗೆ ಗೊತ್ತಿತ್ತು ವೈನಿ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಕ್ಯಾನ್ಸರ್ ನಿನ್ನನ್ನು ಒಯ್ದ ದಿನ ಅಣ್ಣ ಮೆಟ್ಟಿಲ ಮೇಲೆ ಕುಳಿತವನು ಏಳಲೇ ಇಲ್ಲ. ಎಷ್ಟೋ ಮಂದಿಯ ಸಾವು ನೋಡಿದ ಡಾಕ್ಟರು, ಒಂದು ಫಾರಂ ತುಂಬಲಾರದೆ ಹೋದ. ಆಗ ನಾನು ಟೊಂಕ ಕಟ್ಟಿ ನಿಂತೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಹೊಸ ಕಾರು ಹೇಳಿದ ದಿನಕ್ಕೆ ಫ್ಯಾಕ್ಟರಿಯಿಂದ ಹೊರಬೀಳುವಂತೆ ನೋಡಿಕೊಳ್ಳುವುದು. ಹಾಗೇ ನಿನ್ನನ್ನೂ... ಪಟ್ಟಿ ಬರೆದೆ, ಗೀಟು ಹಾಕುತ್ತ ಹೋದೆ. ಫ್ಯೂನರಲ್ ಹೋಮ್, ಪುರೋಹಿತರು, ಮಂದಿಗೆ ಊಟ. ನಿಮ್ಮವ್ವನಿಗೆ ಸುದ್ದಿ ಮುಟ್ಟಿಸಲು ತಾರಾಳ ಕೈಗೆ ಫೋನು ಕೊಟ್ಟೆ. ನಿಮ್ಮ ಭಾಷೆ ಬರುವುದು ಅವಳೊಬ್ಬಳಿಗೇ. ಅವಳು ಬಿಕ್ಕುತ್ತಲೇ ನನ್ನತ್ತ ತಿರುಗಿದಳು.

"ಅತ್ತೆ, ಗ್ರ್ಯಾಂಡ್‌ಮಾ ಇಸ್ ಕಮಿಂಗ್. ಶೀ ಸೇಸ್ ಪ್ಲೀಸ್ ವೇಟ್."

"ಅವರಿಗೆ ಪಾಸ್‌ಪೋರ್ಟೂ ಇಲ್ಲ. ವೀಸಾ ಆಗೂದ್ರಾಗ ಎಷ್ಟು ತಿಂಗಳೋ! ಹಂಗ ಕಾಯಿಸಬಾರದು ತಾರಾ, ಜೀವಕ್ಕ ಶಾಂತಿ ಸಿಗಂಗಿಲ್ಲ. ಫೋನಿನ್ಯಾಗ ತೋರಸ್ತೀವಿ ಅಂತ ಹೇಳು."

ನಿನ್ನ ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು. ಮರುದಿನ ಮಧ್ಯಾಹ್ನಕ್ಕೆಲ್ಲ ನೀನು ಬೂದಿ. ಫೋನಿನಲ್ಲಿ ನಿಮ್ಮವ್ವ ಕಾಣಿಸಲಿಲ್ಲ, ಮಾಡಿನ ಬಿದಿರಷ್ಟೇ ಕಾಣುತ್ತಿತ್ತು. ಮೂರನೆಯ ದಿನ ಎಲ್ಲವನ್ನೂ ಹೊಳೆಗೆ ಬಿಟ್ಟು ಬಂದೆವು, ಒಂದು ಚಮಚೆಯಷ್ಟನ್ನೂ ಉಳಿಸದೆ. ಲೆಮಾಂಟ್‌ನ ನಮ್ಮ ಮಂದಿಯ ಗುಡಿಯಲ್ಲಿ ಸಿಕ್ಕ ಆಂಟಿಯೊಬ್ಬರು ನನ್ನ ಕೈ ಹಿಡಿದು, "ಸವಿತಾ, ನೀವಿದ್ದದ್ದಕ್ಕ ಎಲ್ಲಾ ಛಲೋತ್ನಾಗಿ ಆತು ನೋಡ್ರಿ" ಎಂದರು. ನನಗೆ ಒಳಗೊಳಗೆ ಹೆಮ್ಮೆಯಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಒಂದು ವಾರ ಬಿಟ್ಟು ನಿಮ್ಮವ್ವನ ಫೋನು ಬಂತು. ಸುಟ್ಟದ್ದಕ್ಕೆ ಒಂದು ಮಾತು ಬೈಯಲಿಲ್ಲ. ನಿಮ್ಮ ಪದ್ಧತಿ ನಿಮಗೆ, ಉಳಿದದ್ದನ್ನು ತಂದುಕೊಡಿ, ಅಜ್ಜನ ಕೋಣೆಯಲ್ಲೇ ಹಾಸಿಗೆ ಹಾಸಿದ್ದೇನೆ ಎಂದಳು. ಅಣ್ಣ ತಲೆ ತಗ್ಗಿಸಿದ. ನಾನು ತಾರಾಳಿಗೆ, "ತರ್ತೀವಿ ಅಂತ ಹೇಳು" ಎಂದೆ. ಆ ಮುದುಕಿಯ ಮುಖ ನೋಡಿಕೊಂಡು ಇನ್ನೇನು ಹೇಳಲಿ?

ಅಲ್ಲಿಂದ ಒಂದು ವರ್ಷ ಇದೇ ಸುಳ್ಳು. ಚಳಿಗಾಲ ಕಳೆಯಲಿ, ನನ್ನ ಹೊಸ ಕಾರಿನ ಲಾಂಚ್ ಮುಗಿಯಲಿ, ತಾರಾಳ ಪರೀಕ್ಷೆ ಆಗಲಿ. ಪ್ರತಿ ಭಾನುವಾರ ಸಂಜೆ, ಅಲ್ಲಿ ಸೋಮವಾರ ಬೆಳಗಾಗುವ ಹೊತ್ತಿಗೆ, ನಿಮ್ಮವ್ವ ಫೋನನ್ನು ಆ ಕೋಣೆಯೊಳಗೆ ಒಯ್ಯುತ್ತಾಳೆ. ಬರಿದಾದ ಹಾಸಿಗೆ, ಅದರ ಮಗ್ಗುಲಲ್ಲಿ ಒಂದು ಲೋಟ ಕಾಫಿ. ನೀನು ದಾರಿಯಲ್ಲಿದ್ದೀಯೆಂದು ಊರಿಗೆಲ್ಲ ಹೇಳಿದ್ದಾಳೆ. ನಿನ್ನ ಕಾರ್ಯಕ್ಕೆ ಬಲಿ ಕೊಡಲೆಂದು ಒಂದು ಕೋಣವನ್ನೂ ಸಾಕುತ್ತಿದ್ದಾಳಂತೆ.

ಕಳೆದ ಭಾನುವಾರ ಫೋನು ಹಚ್ಚುವ ಮುಂಚೆ ತಾರಾ ಹೇಳಿದಳು, "ಐ ಕಾಂಟ್ ಲೈ ಟು ಹರ್ ಎನಿಮೋರ್, ಅತ್ತೆ." ಹತ್ತೊಂಬತ್ತರ ಹುಡುಗಿಯ ಬಾಯಿಂದ ಒಂದು ವರ್ಷ ಸುಳ್ಳು ಹೇಳಿಸಿದೆನಲ್ಲ, ನಾನೆಂಥ ಅತ್ತೆ? ನಾನು ಹೇಳುತ್ತ ಹೋದೆ, ಅವಳು ಅಳುತ್ತ ಅನುವಾದಿಸುತ್ತ ಹೋದಳು. ಏನೂ ಉಳಿದಿಲ್ಲ. ತೀರ್ಮಾನ ನನ್ನದೇ. ನಿಮ್ಮ ಅಳಿಯನದಲ್ಲ.

ನಿಮ್ಮವ್ವನ ಹಿಂದೆ ಯಾರೋ ಕಾಫಿಬೀಜ ಜಾಲಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಅವಳ ಒಂದೊಂದೇ ಮಾತು ಬಂತು. ಬಂಡೆಯ ಗವಿಗೆ ಒಯ್ಯಲು ಏನೂ ಇಲ್ಲದಿದ್ದರೆ ಕಳಿಸಿಕೊಡುವುದೇನನ್ನು? ನಾನಿರುವ ತನಕ ನನ್ನ ಮಗಳಿಗೆ ಆರಾಮಿಲ್ಲ, ಅಷ್ಟೇ. ಊರಲ್ಲಿ ಯಾರಾದರೂ ಕೇಳಿದರೆ ಇನ್ನೂ ದಾರಿಯಲ್ಲಿದ್ದಾಳೆ ಎನ್ನುತ್ತೇನೆ. ನೀವೂ ಹಾಗೇ ಹೇಳಿ.

ನೋಡಿದೆಯಾ ವೈನಿ, ಮೂರು ದಿನದಲ್ಲಿ ಮುಗಿಸಿದೆ ಎಂದುಕೊಂಡಿದ್ದೆ. ಅಲ್ಲಿ ನಿನಗಿನ್ನು ಮುಗಿಯುವುದೇ ಇಲ್ಲ. ಜೂನ್‌ನಲ್ಲಿ ನಾನು, ಅಣ್ಣ, ತಾರಾ ಮೂವರೂ ನಿಮ್ಮೂರಿಗೆ ಹೊರಟಿದ್ದೇವೆ, ಟಿಕೆಟ್ ಆಗಿದೆ. ಬರಿಗೈಯಲ್ಲಿ ಹೋಗುತ್ತಿದ್ದೇವೆ.

ಫೋನು ಇಡುವ ಮುಂಚೆ ಅವಳು ಒಂದೇ ಒಂದು ಕೇಳಿದಳು. ತಾರಾ ನನ್ನತ್ತ ತಿರುಗಿ, "ಕೊನೀಗೆ ಅಮ್ಮಗ ಸ್ನಾನ ಮಾಡಿಸಿದವರು ಯಾರು ಅಂತ" ಎಂದಳು, ಎಂದೂ ಇಲ್ಲದೆ ಕನ್ನಡದಲ್ಲಿ. ನಾನೇ ಎಂದೆ. "ನೀರು ಬೆಚ್ಚಗಿತ್ತಾ ಅಂತ ಕೇಳ್ತಾಳ, ಅತ್ತೆ."

ಫ್ಯೂನರಲ್ ಹೋಮಿನವರು ನಮಗೆ ಒಂದೇ ತಾಸು ಕೊಟ್ಟಿದ್ದರು. ಆ ನಲ್ಲಿಯಲ್ಲಿ ಬಿಸಿನೀರು ಬರಲು ಹೊತ್ತು ಹಿಡಿಯುತ್ತಿತ್ತು. ನಾನು ಕಾಯಲಿಲ್ಲ.

"ಹೌದು, ಬೆಚ್ಚಗಿತ್ತು ಅಂತ ಹೇಳು" ಎಂದೆ.

ಎಲ್ಲ ಒಪ್ಪಿಕೊಂಡೆ ವೈನಿ, ಇದೊಂದನ್ನು ಮಾತ್ರ ನಾನು ಸಾಯುವ ತನಕ ಒಪ್ಪುವುದಿಲ್ಲ. ನಿನಗ ಗೊತ್ತದ. ನಿಮ್ಮವ್ವಗ ಹೇಳಬ್ಯಾಡ.

ನಿನ್ನ
ಸವಿತಾ